ಹೆಸರಿಗೆ ಬೆಲೆಯೋ, ಕೆಲಸಕ್ಕೆ ಬೆಲೆಯೋ?

ಹತ್ತನೆಯ ತರಗತಿಯ ಫಲಿತಾಂಶ ಬಂದಿತೆಂದರೆ ನಮ್ಮ ಮನೆಗಳಲ್ಲಿ ಈಗ ಎರಡು ಪ್ರಶ್ನೆಗಳು ಏಳುತ್ತವೆ. ಮುಂದೆ ಯಾವ ಕಾಲೇಜು ಎಂಬುದು ಮೊದಲನೆಯದು. ಮನೆಗೆ ಯಾವ ಕಂಪ್ಯೂಟರ್ ಎಂಬುದು ಎರಡನೆಯದು. ಮೊದಲನೆಯದಕ್ಕಾಗಿ ನಾಲ್ಕು ಜನರನ್ನು ಕೇಳಿ, ಹತ್ತು ಬಾಗಿಲು ತಟ್ಟಿ, ಅಳೆದು ಸುರಿದು ತೀರ್ಮಾನಿಸುವ ನಮ್ಮ ಜನ ಎರಡನೆಯದಕ್ಕೆ ಮಾತ್ರ ಒಂದೇ ಉಸಿರಿನಲ್ಲಿ ಉತ್ತರ ಹೇಳಿಬಿಡುತ್ತಾರೆ: "ಐ7 ಹಾಕಿಸಿ. ಸಾಧ್ಯವಾದರೆ ಐ9. ಅದಕ್ಕಿಂತ ಕಡಿಮೆಯದು ಬೇಡ."

ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಒಪ್ಪುವುದಿಲ್ಲವೆಂದಷ್ಟೇ ಅಲ್ಲ, ನಮ್ಮಂಥ ಕುಟುಂಬಗಳ ಹಣವನ್ನೂ ನಮ್ಮ ಮಕ್ಕಳ ವಿವೇಕವನ್ನೂ ಒಟ್ಟಿಗೆ ಹಾಳುಮಾಡುವ ಉತ್ತರವಿದು ಎಂದೇ ಹೇಳುತ್ತೇವೆ.

ಮೊದಲು ಒಂದು ಸಂತೋಷದ ಮಾತು. ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ಈಗ ಸಿದ್ಧವಾದ ಪೆಟ್ಟಿಗೆಯನ್ನು ಕೊಳ್ಳುವ ಬದಲು ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಲು ಆಸೆಪಡುತ್ತಿದ್ದಾರೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರೋಡ್ ಇವೆಲ್ಲ ಅವರಿಗೆ ಪರಿಚಿತ ಹೆಸರುಗಳು. ಇದು ಒಳ್ಳೆಯ ಹವ್ಯಾಸ. ತಾನೇ ಜೋಡಿಸಿದ ಯಂತ್ರವನ್ನು ತಾನೇ ಬಿಚ್ಚಿ ರಿಪೇರಿ ಮಾಡುವ ಧೈರ್ಯ ಮಗುವಿಗೆ ಬರುತ್ತದೆ. ನಮ್ಮ ತಕರಾರು ಈ ಹವ್ಯಾಸದ ಮೇಲಲ್ಲ. ಪಟ್ಟಿಯ ಮೊದಲ ಸಾಲಿನಲ್ಲಿ, ಪ್ರೊಸೆಸರ್ ಎಂದು ಬರೆದ ಕಡೆಯಲ್ಲಿ, ಲೆಕ್ಕವನ್ನು ಬಿಟ್ಟು ಪ್ರತಿಷ್ಠೆಯನ್ನು ಕೂರಿಸುವುದರ ಮೇಲೆ.

ಊರು ಬಿಟ್ಟು ಬಂದು ಈ ಮಹಾನಗರಗಳಲ್ಲಿ ನೆಲೆನಿಂತವರು ನಾವು. ಬ್ಯಾಂಕಿನ ಸಂಬಳ, ಹೋಟೆಲಿನ ಗಲ್ಲಾ, ಸಣ್ಣ ವ್ಯಾಪಾರ ಇವೇ ನಮ್ಮ ಆಧಾರ. ಮನೆಸಾಲದ ಕಂತು, ಮಕ್ಕಳ ಫೀಸು, ಊರಿನಲ್ಲಿರುವ ಹಿರಿಯರ ಔಷಧಿ ಇವೆಲ್ಲ ಕಳೆದು ಉಳಿದದ್ದರಲ್ಲಿ ಕಂಪ್ಯೂಟರ್ ಬರಬೇಕು. ಆದ್ದರಿಂದ ಇದನ್ನು ತಂತ್ರಜ್ಞರ ಚರ್ಚೆಯೆಂದು ಬದಿಗೆ ಸರಿಸುವಂತಿಲ್ಲ. ಇದು ಮನೆಯ ಲೆಕ್ಕದ ಪುಸ್ತಕದ ವಿಷಯ.

ಪ್ರೊಸೆಸರ್ ಎಂದರೆ ಏನೆಂಬುದನ್ನು ತಿಳಿಯಲು ನಮಗೆ ಚೆನ್ನಾಗಿ ಗೊತ್ತಿರುವ ಉಡುಪಿ ಹೋಟೆಲಿನ ಅಡುಗೆಮನೆಯನ್ನೇ ನೋಡೋಣ. ಪ್ರೊಸೆಸರಿನ ಒಂದೊಂದು ಕೋರ್ ಒಬ್ಬೊಬ್ಬ ಅಡುಗೆಭಟ್ಟ. ಗಿಗಾಹರ್ಟ್ಸ್ ಎಂಬುದು ಅವನ ಕೈಯ ಓಟ. ಕ್ಯಾಶ್ ಎಂಬುದು ಕೈಗೆಟಕುವಂತೆ ಇಟ್ಟುಕೊಂಡ ಒಗ್ಗರಣೆ ಡಬ್ಬಿ. ಮೆಮೊರಿ ಎಂಬುದು ಅಡುಗೆಯ ಕಟ್ಟೆ, ಎಸ್.ಎಸ್.ಡಿ. ಎಂಬುದು ಉಗ್ರಾಣ. ಈಗ ಯೋಚಿಸಿ: ಹನ್ನೆರಡು ಜನ ಭಟ್ಟರನ್ನು ನೇಮಿಸಿ, ಕಟ್ಟೆಯನ್ನು ಮೊಳದಗಲ ಕಟ್ಟಿಸಿ, ಉಗ್ರಾಣವನ್ನು ಎರಡು ಬೀದಿಯಾಚೆ ಇಟ್ಟರೆ ಗಿರಾಕಿಗೆ ದೋಸೆ ಬೇಗ ಬರುತ್ತದೆಯೇ? ಭಟ್ಟರು ಕೈಕಟ್ಟಿ ನಿಂತಿರುತ್ತಾರೆ, ಅಷ್ಟೆ. ಐ7ಕ್ಕೆ ಹಣ ಸುರಿದು, ಉಳಿದ ಚಿಲ್ಲರೆಯಲ್ಲಿ 8 ಜಿ.ಬಿ. ಮೆಮೊರಿ, ಹಳೆಯ ಹಾರ್ಡ್ ಡಿಸ್ಕ್, ಹೆಸರಿಲ್ಲದ ಎಸ್.ಎಂ.ಪಿ.ಎಸ್. ಹಾಕಿಸಿದ ಕಂಪ್ಯೂಟರು ಇಂಥ ಹೋಟೆಲು.

ಇನ್ನೊಂದು ಮಾತು. ನೂರು ದೋಸೆಯ ಆರ್ಡರ್ ಬಂದರೆ ಹನ್ನೆರಡು ಭಟ್ಟರೂ ಬೇಕಾದೀತು. ಒಂದೇ ದೋಸೆಯನ್ನು ಹನ್ನೆರಡು ಜನ ಸೇರಿ ಹುಯ್ಯಲಾಗುವುದಿಲ್ಲ. ಪಾಠದ ವೀಡಿಯೋ ನೋಡುವುದು, ಪ್ರಬಂಧ ಬರೆಯುವುದು, ಲೆಕ್ಕದ ಹಾಳೆ ತುಂಬುವುದು, ಪ್ರೋಗ್ರಾಮಿಂಗಿನ ಮೊದಲ ಪಾಠಗಳನ್ನು ಮಾಡುವುದು ಇವೆಲ್ಲ ಹೆಚ್ಚಾಗಿ ಒಂದೊಂದೇ ದೋಸೆಯ ಕೆಲಸಗಳು. ಇವಕ್ಕೆ ಬೇಕಾದವರು ಚುರುಕಾದ ಕೆಲವೇ ಭಟ್ಟರು. ಕನ್ನಡ ಬರೆಯುವುದಕ್ಕಂತೂ ಕೇಳುವುದೇ ಬೇಡ. ಇಂದು ನಾವು 'ನುಡಿ'ಯಲ್ಲಿ ಬಳಸುವ ಕೀಲಿಮಣೆಯ ವಿನ್ಯಾಸಕ್ಕೆ ಆಧಾರ ಹಾಕಿದ ಕೆ.ಪಿ. ರಾಯರು ಅದನ್ನು ರೂಪಿಸಿದ್ದು ಇಂದಿನ ಅತಿ ಅಗ್ಗದ ಪ್ರೊಸೆಸರಿಗೂ ಸಾಟಿಯಾಗದ ಯಂತ್ರಗಳ ಕಾಲದಲ್ಲಿ. ಆ ಯಂತ್ರಗಳಲ್ಲೇ ಕನ್ನಡ ಮೂಡಿತು.

ಇನ್ನು ಹೆಸರಿನ ಮಹಿಮೆ. ಐ3, ಐ5, ಐ7 ಎಂಬುದು ರೈಲಿನ ದರ್ಜೆಯಂತೆ ಸ್ಥಿರವಾದದ್ದೆಂದು ಬಹಳ ಮಂದಿ ನಂಬಿದ್ದಾರೆ. ಅದು ಸುಳ್ಳು. ಅದು ಆ ವರ್ಷದ, ಆ ಸಾಲಿನ ಮಾದರಿಗಳ ಒಳಗಿನ ದರ್ಜೆ ಮಾತ್ರ. 2016ರಲ್ಲಿ ಲ್ಯಾಪ್‌ಟಾಪುಗಳಿಗೆಂದು ಬಂದ ಐ7-7500ಯು ಎಂಬ ಪ್ರೊಸೆಸರಿನಲ್ಲಿ ಇದ್ದದ್ದು ಎರಡೇ ಕೋರ್. 2022ರ ಜನವರಿಯಲ್ಲಿ ಡೆಸ್ಕ್‌ಟಾಪಿಗೆ ಬಂದ ಐ3-12100ರಲ್ಲಿ ನಾಲ್ಕು ಕೋರ್. ಒಂದೊಂದು ಕೋರೂ ಹಿಂದಿನದಕ್ಕಿಂತ ಬಲು ಚುರುಕು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಕಂಪ್ಯೂಟರ್ ನೋಡದೆಯೇ ಕಟ್ಟಿದ್ದರು.

ಅಂಕಿಯ ಮೋಹ ಹೊಸದೂ ಅಲ್ಲ. 386, 486 ಎಂಬ ಅಂಕಿಗಳನ್ನು ವ್ಯಾಪಾರಮುದ್ರೆಯಾಗಿ ಕಾಪಾಡಿಕೊಳ್ಳಲಾಗದೆಂದು ಕಂಡ ಮೇಲೆ ಇಂಟೆಲ್ ಕಂಪನಿ 1993ರಲ್ಲಿ ಪೆಂಟಿಯಂ ಎಂಬ ಹೆಸರನ್ನು ತಂದಿತು. ಹೆಸರು ಹುಟ್ಟಿದ್ದು ಮಾರಾಟದ ಅಗತ್ಯದಿಂದ. 2000ದಲ್ಲಿ ಪೆಂಟಿಯಂ 4 ಬಂದಾಗ ಜಗತ್ತೆಲ್ಲ ಗಿಗಾಹರ್ಟ್ಸ್ ಎಣಿಸುತ್ತಿತ್ತು. ಅದರ ಮೊದಲ ಮಾದರಿಗಳು ಕೆಲವು ಕೆಲಸಗಳಲ್ಲಿ ಕಡಿಮೆ ಗಿಗಾಹರ್ಟ್ಸಿನ ಹಳೆಯ ಪೆಂಟಿಯಂ 3ರ ಮುಂದೆಯೇ ಸೋತವು. 4 ಗಿಗಾಹರ್ಟ್ಸಿನ ಮಾದರಿಯನ್ನು ಕಂಪನಿ 2004ರಲ್ಲಿ ಕೈಬಿಟ್ಟಿತು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಕಡಿಮೆ ಗಿಗಾಹರ್ಟ್ಸಿನಲ್ಲೇ ಓಡುತ್ತ ಪೆಂಟಿಯಂ 4ನ್ನು ಹಿಂದೆ ಹಾಕಿತು. ಅಂಕಿಯನ್ನು ಎತ್ತಿ ಮೆರೆಸಿದವರೇ ಅದನ್ನು ಕೆಳಗಿಟ್ಟರು. 2023ರಲ್ಲಿ ಅದೇ ಕಂಪನಿ ಹೊಸ ಮಾದರಿಗಳಿಂದ 'ಐ' ಎಂಬ ಅಕ್ಷರವನ್ನೇ ತೆಗೆಯುವುದಾಗಿ ಸಾರಿತು. ನಾವು ಮಾತ್ರ ಇನ್ನೂ ಐ7ರ ಜಪಮಾಲೆ ಹಿಡಿದು ಕುಳಿತಿದ್ದೇವೆ.

"ಹೇಗೂ ಒಮ್ಮೆ ಕೊಳ್ಳುವುದು. ದೊಡ್ಡದನ್ನೇ ಕೊಂಡರೆ ಹತ್ತು ವರ್ಷ ನೋಡಬೇಕಿಲ್ಲ" ಎಂಬ ವಾದವನ್ನು ನಾವು ಎಲ್ಲ ಕಡೆ ಕೇಳುತ್ತೇವೆ. ಕೇಳಲು ಸೊಗಸಾಗಿದೆ. ಚಿನ್ನದ ವಿಷಯದಲ್ಲಿ ನಿಜವೂ ಆದೀತು. ಪ್ರೊಸೆಸರಿನ ವಿಷಯದಲ್ಲಿ ಇದು ಎಷ್ಟು ನಿಜವೆಂಬುದನ್ನು 2017ರ ಒಂದೇ ವರ್ಷದ ಲೆಕ್ಕ ಹೇಳುತ್ತದೆ.

ಆ ವರ್ಷದ ಜನವರಿಯಲ್ಲಿ ಇಂಟೆಲ್ ತನ್ನ ಸಾಮಾನ್ಯ ಡೆಸ್ಕ್‌ಟಾಪ್ ಸಾಲಿನ ತುದಿಯಲ್ಲಿ ಐ7-7700ಕೆ ಎಂಬುದನ್ನು ತಂದಿತು. ನಾಲ್ಕು ಕೋರ್, ಕಂಪನಿ ಸೂಚಿಸಿದ ಬೆಲೆ 339 ಡಾಲರ್. ಅದೇ ವರ್ಷ ಅಕ್ಟೋಬರಿನಲ್ಲಿ ಐ5-8400 ಬಂದಿತು. ಅದರಲ್ಲಿ ಆರು ಕೋರ್. ಜೊತೆಗೆ ಬಂದ ಐ3-8100ರಲ್ಲೂ ನಾಲ್ಕು ಕೋರ್. ಅದಕ್ಕೆ ಸೂಚಿಸಿದ ಬೆಲೆ 117 ಡಾಲರ್. ಜನವರಿಯ ರಾಜ ದೀಪಾವಳಿಯ ಹೊತ್ತಿಗೆ ಮಂತ್ರಿಯಾಗಿದ್ದ. ಹೊಸ ಪ್ರೊಸೆಸರನ್ನು ಹಳೆಯ ಮದರ್‌ಬೋರ್ಡಿನಲ್ಲಿ ಕೂರಿಸೋಣವೆಂದರೆ ಅದೂ ಆಗದು. ಬೋರ್ಡೇ ಬೇರೆ ಬೇಕು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ವಿಂಡೋಸ್ 11 ಬಂದಾಗ ಮೈಕ್ರೋಸಾಫ್ಟ್ ಮಾನ್ಯ ಪ್ರೊಸೆಸರುಗಳ ಪಟ್ಟಿಯನ್ನು ಇಂಟೆಲಿನ 8ನೆಯ ಪೀಳಿಗೆಯಿಂದ ಆರಂಭಿಸಿತು. 339 ಡಾಲರಿನ ಐ7-7700ಕೆ ಆ ಪಟ್ಟಿಯ ಹೊರಗೆ. 117 ಡಾಲರಿನ ಐ3-8100 ಒಳಗೆ! ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲಿನಕ್ಸ್ ಹಾಕಿಕೊಂಡರೆ ಹಳೆಯ ಯಂತ್ರ ಇನ್ನೂ ಚೆನ್ನಾಗಿ ಓಡುತ್ತದೆ, ನಿಜ. ಆದರೆ "ದೊಡ್ಡದನ್ನು ಕೊಂಡರೆ ಹತ್ತು ವರ್ಷ ಚಿಂತೆಯಿಲ್ಲ" ಎಂದವರು ಹೇಳಿದ್ದು ಇದನ್ನಲ್ಲವಲ್ಲ! ದುಬಾರಿ ಬೆಲೆ ಭವಿಷ್ಯಕ್ಕೆ ವಿಮೆಯಲ್ಲ. ಇದನ್ನು ವಿಮಾ ಕಂಪನಿಗಳಲ್ಲಿ ದುಡಿದ ನಮ್ಮವರಾದರೂ ಬೇಗ ಒಪ್ಪಬೇಕು.

ಹಾಗಾದರೆ ಭವಿಷ್ಯದ ಚಿಂತೆಯೇ ಬೇಡವೇ? ಬೇಕು. ಆದರೆ ಅದು ಪ್ರೊಸೆಸರಿನ ಗಾತ್ರದಲ್ಲಿಲ್ಲ. ಅದು ಕೂರುವ ಸಾಕೆಟ್ಟಿನಲ್ಲಿದೆ. ಅದೇ 2017ರಲ್ಲಿ ಎ.ಎಂ.ಡಿ. ಕಂಪನಿಯ ರೈಜನ್ 5 1600ನ್ನು ಕೊಂಡವರ ಮಾತು ಕೇಳಿ. ಅದೂ ವಿಂಡೋಸ್ 11ರ ಪಟ್ಟಿಯ ಹೊರಗೇ ಉಳಿಯಿತು. ಆದರೆ ಅದು ಕೂರುವ ಎ.ಎಂ.4 ಸಾಕೆಟ್ಟಿಗೆ 2020ರ ಕೊನೆಯಲ್ಲಿ ಬಂದ 5000 ಸರಣಿಯ ರೈಜನ್ ಪ್ರೊಸೆಸರುಗಳೂ ಕೂಡುತ್ತವೆ. ಬೋರ್ಡಿನ ತಯಾರಕರು ಬಯಾಸ್ ಪರಿಷ್ಕರಣ ಕೊಟ್ಟ ಕಡೆಗಳಲ್ಲಿ ಆ ಮನೆಯವರು ಬೋರ್ಡು, ಮೆಮೊರಿ, ಕ್ಯಾಬಿನೆಟ್ ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡು ಪ್ರೊಸೆಸರ್ ಒಂದನ್ನೇ ಬದಲಿಸಿ ಹೊಸ ಜೀವ ತಂದುಕೊಂಡರು. ಒಮ್ಮೆಗೇ ದೊಡ್ಡದನ್ನು ಕೊಳ್ಳುವುದಕ್ಕಿಂತ, ಇಂದು ಮಧ್ಯಮದ್ದನ್ನು ಕೊಂಡು ನಾಲ್ಕೈದು ವರ್ಷದ ಮೇಲೆ ಅದೇ ಬೋರ್ಡಿನಲ್ಲಿ ಹೊಸ ಮಧ್ಯಮದ್ದನ್ನು ಕೂರಿಸುವುದು ಜಾಣತನ.

ಎರಡನೆಯ ವಾದ ತಂದೆ ತಾಯಿಯರ ಭಯದ್ದು. "ಮಗ ಇಂಜಿನಿಯರಿಂಗ್ ಓದುತ್ತಾನೆ, ಎ.ಐ. ಕಲಿಯುತ್ತಾನಂತೆ. ಕಡಿಮೆಯದು ಕೊಟ್ಟು ಹಿಂದೆ ಬಿದ್ದರೆ?" ಈ ಭಯವನ್ನು ನಾವು ಹಗುರವಾಗಿ ನೋಡುವುದಿಲ್ಲ. ಆದರೆ ಉತ್ತರ ಸರಳ. ಕೃತಕ ಬುದ್ಧಿಮತ್ತೆಯ ಭಾರವಾದ ಲೆಕ್ಕಗಳನ್ನು ಹೆಚ್ಚಾಗಿ ಹೊರುವುದು ಗ್ರಾಫಿಕ್ಸ್ ಕಾರ್ಡು. ಕಲಿಯುವವರು ಬಹುಮಟ್ಟಿಗೆ ಅಂತರಜಾಲದ ಮೂಲಕ ದೂರದ ಯಂತ್ರಗಳನ್ನೇ ಬಳಸುತ್ತಾರೆ. ಐ9 ತಂದುಕೊಟ್ಟರೂ ಗಣಿತ ಬಾರದಿದ್ದರೆ ಆ ವಿದ್ಯೆ ಬಾರದು. ಆಟದ ಹುಚ್ಚಿರುವ ಮಕ್ಕಳ ವಿಷಯದಲ್ಲೂ ಮೊದಲ ಹಣ ಹೋಗಬೇಕಾದದ್ದು ಗ್ರಾಫಿಕ್ಸ್ ಕಾರ್ಡಿಗೇ. ಹನ್ನೆರಡು, ಹದಿನಾರು ಕೋರುಗಳು ನಿಜವಾಗಿ ಬೇಕಾದವರು ಇಲ್ಲವೆಂದಲ್ಲ. ದಿನವಿಡೀ ವೀಡಿಯೋ ಸಂಕಲನ ಮಾಡುವವರು, ಮೂರು ಆಯಾಮದ ಚಿತ್ರ ರಚಿಸುವವರು, ದೊಡ್ಡ ತಂತ್ರಾಂಶಗಳನ್ನು ಕಟ್ಟುವವರು ಇದ್ದಾರೆ. ಅವರು ಅದರಿಂದ ಸಂಪಾದಿಸುತ್ತಾರೆ, ಕೊಳ್ಳಲಿ. ಕಲಿಯಲು ಕೂರುವ ಮಗುವಿನ ಮೊದಲ ಯಂತ್ರಕ್ಕೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ದೊಡ್ಡದಕ್ಕೆ ಕೊಟ್ಟ ಬೆಲೆ ಅಂಗಡಿಯಲ್ಲಿ ಮುಗಿಯುವುದೂ ಇಲ್ಲ. ಐ9-14900ಕೆ ಪೂರ್ಣ ಬಲದಲ್ಲಿ ಓಡುವಾಗ 253 ವ್ಯಾಟ್‌ವರೆಗೆ ವಿದ್ಯುತ್ತು ಎಳೆಯಬಹುದೆಂದು ಕಂಪನಿಯೇ ಗೊತ್ತುಪಡಿಸಿದೆ. ಅದರ ಪೆಟ್ಟಿಗೆಯಲ್ಲಿ ತಣಿಸುವ ಫ್ಯಾನು ಬರುವುದಿಲ್ಲ, ಬೇರೆ ಕೊಳ್ಳಬೇಕು. ಬಲವಾದ ಬೋರ್ಡು, ಬಲವಾದ ಎಸ್.ಎಂ.ಪಿ.ಎಸ್. ಬೇಕು. ಮೇ ತಿಂಗಳ ಮುಂಬಯಿ, ಚೆನ್ನೈಗಳಲ್ಲಿ ಆ ಶಾಖವೆಲ್ಲ ನಮ್ಮ ಹತ್ತು ಅಡಿ ಕೋಣೆಗೇ ಬಂದು ಸೇರಬೇಕು. ದುಬಾರಿಯದಾದರೆ ದೋಷವಿರದು ಎಂಬ ನಂಬಿಕೆಯೂ 2024ರಲ್ಲಿ ಮುರಿಯಿತು. ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಮೇಲ್ದರ್ಜೆಯ ಡೆಸ್ಕ್‌ಟಾಪ್ ಮಾದರಿಗಳಲ್ಲಿ ಹಲವು ಅತಿಯಾದ ವೋಲ್ಟೇಜಿನಿಂದ ಸವೆದು ಅಸ್ಥಿರವಾದವು. ಕಂಪನಿ ತಿದ್ದುಪಡಿಯನ್ನು ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು.

ಖಂಡಿಸಿದ ಮೇಲೆ ದಾರಿ ತೋರಿಸುವ ಹೊಣೆಯೂ ನಮ್ಮದೇ. ನಾವು ಯಾವ ಕಂಪನಿಯ ವಕಾಲತ್ತನ್ನೂ ವಹಿಸಿಲ್ಲ. ಮೊದಲ ಯಂತ್ರಕ್ಕೆ ಆರು ಕೋರಿನ, 65 ವ್ಯಾಟಿನ, ಒಳಗೇ ಗ್ರಾಫಿಕ್ಸ್ ಇರುವ, ಇತ್ತೀಚಿನ ಪೀಳಿಗೆಯ ಪ್ರೊಸೆಸರ್ ಸಾಕು ಎಂಬುದು ನಮ್ಮ ಮತ. 2023ರಲ್ಲಿ ಬಂದ ರೈಜನ್ 5 7600 ಅಂಥದು. ಅದಕ್ಕೆ ಫ್ಯಾನು ಪೆಟ್ಟಿಗೆಯಲ್ಲೇ ಬರುತ್ತದೆ. ಅದು ಕೂರುವ ಎ.ಎಂ.5 ಸಾಕೆಟ್ಟಿಗೆ 2027 ಮತ್ತು ಅನಂತರವೂ ಬೆಂಬಲ ಕೊಡುವುದಾಗಿ ಕಂಪನಿ 2024ರಲ್ಲಿ ಹೇಳಿದೆ. ಇಂಟೆಲಿನಲ್ಲಿ ಐ5-12400 ಇದೆ. ಅದರ ಸಾಕೆಟ್ಟಿನ ದಾರಿ 14ನೆಯ ಪೀಳಿಗೆಗೆ ನಿಂತಿತು. 2024ರ ಅಕ್ಟೋಬರಿನಲ್ಲಿ ಬಂದ ಹೊಸ ಸಾಲಿಗೆ ಬೇರೆ ಸಾಕೆಟ್ ಬೇಕು. ಆದರೂ ಅದಕ್ಕೆ ಡಿ.ಡಿ.ಆರ್.4 ಮೆಮೊರಿಯ ಬೋರ್ಡುಗಳಿವೆ. ಹಳೆಯ ಯಂತ್ರದ ಆ ಮೆಮೊರಿ ಮನೆಯಲ್ಲಿದ್ದರೆ ಇದು, ಅಥವಾ ಎ.ಎಂ.4ರ ರೈಜನ್ 5 5600ಜಿ, ಲಾಭದ್ದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಹೇಗೆ ಏರಿತೆಂಬುದನ್ನು ಅಂಗಡಿಗೆ ಹೋದವರೆಲ್ಲ ಬಲ್ಲರು. ಪ್ರೊಸೆಸರಿನಲ್ಲಿ ಉಳಿಸಿದ ಹಣಕ್ಕೆ ಅಲ್ಲಿ ಕೆಲಸವಿದೆ. ಪ್ರೊಸೆಸರಿನ ಖರ್ಚು ಇಡೀ ಯಂತ್ರದ ಹಣದ ಕಾಲುಭಾಗವನ್ನು ದಾಟಿದರೆ ಪಟ್ಟಿಯನ್ನು ಮತ್ತೊಮ್ಮೆ ನೋಡಿ ಎಂಬುದೇ ನಮ್ಮ ಸೂತ್ರ.

ಹೆಸರಿನ ಕೊನೆಯ ಅಕ್ಷರವನ್ನು ಓದಲು ಮರೆಯಬೇಡಿ. ಇಂಟೆಲಿನಲ್ಲಿ 'ಎಫ್' ಎಂದಿದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ. ಐ5-12400ಎಫ್ ಕೊಂಚ ಅಗ್ಗವೆಂದು ತಂದು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಜೋಡಿಸಿದರೆ ಪರದೆ ಕತ್ತಲಾಗಿಯೇ ಇರುತ್ತದೆ; ಮಗು ತನ್ನ ಕೈಯಿಂದಲೇ ಏನೋ ಕೆಟ್ಟಿತೆಂದು ಹೆದರಿ ಕೂರುತ್ತದೆ. 'ಕೆ' ಎಂದಿದ್ದರೆ ವೇಗವನ್ನು ಇನ್ನೂ ಏರಿಸಿಕೊಳ್ಳುವ ಹವ್ಯಾಸಿಗಳಿಗೆ. ಮೊದಲ ಯಂತ್ರಕ್ಕೆ ಅನಗತ್ಯ. ರೈಜನ್ ಸಾಲಿನಲ್ಲಿ 5600ರ ಒಳಗೆ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಒಂದಕ್ಷರದಲ್ಲಿ ಇಷ್ಟು ಅಂತರ.

ಕೊಳ್ಳುವಾಗ ಪೆಟ್ಟಿಗೆಯ ಪ್ರೊಸೆಸರನ್ನೇ ಕೇಳಿ. ಇಂಟೆಲಿನ ಪೆಟ್ಟಿಗೆಯದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ. ಪೆಟ್ಟಿಗೆಯಿಲ್ಲದ 'ಟ್ರೇ' ಪ್ರೊಸೆಸರಿಗೆ ಮಾರಿದವರ ಮಾತೇ ವಾರಂಟಿ. ಪೂರ್ಣ ಮಾದರಿಯ ಹೆಸರು ಬರೆದ ಪಕ್ಕಾ ಬಿಲ್ಲು ಪಡೆಯಿರಿ. "ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ" ಎಂಬ ಮಾತಿಗೆ ಮನಸೋಲಬೇಡಿ. ಜೋಡಿಸುವಾಗ ಎ.ಎಂ.4ರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿರುತ್ತವೆ, ಎ.ಎಂ.5ರಲ್ಲೂ ಇಂಟೆಲಿನಲ್ಲೂ ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ. ಎಲ್ಲಿದ್ದರೂ ಒತ್ತಾಯ ಮಾಡಿದರೆ ಬಾಗುತ್ತವೆ. ಮೂಲೆಯ ಗುರುತು ನೋಡಿ ಮೆಲ್ಲಗೆ ಇಟ್ಟರೆ ಅದು ತಾನಾಗಿ ಕೂರುತ್ತದೆ.

ತಪ್ಪನ್ನೆಲ್ಲ ಅಂಗಡಿಯವನ ತಲೆಗೆ ಕಟ್ಟುವವರಿದ್ದಾರೆ. ನಾವು ಕಟ್ಟುವುದಿಲ್ಲ. ಗಿರಾಕಿ ಬಾಯಿಬಿಟ್ಟು ಐ7 ಕೇಳಿದರೆ ಆತ ಐ7 ಕೊಡುತ್ತಾನೆ; ಹಳೆಯ ಪೀಳಿಗೆಯ ಐ7 ಮೂಲೆಯಲ್ಲಿದ್ದರೆ ಅದನ್ನೇ ಕೊಡುತ್ತಾನೆ. ಕೇಳುವ ಬಾಯಿ ನಮ್ಮದು. ಗೃಹಪ್ರವೇಶದಲ್ಲಿ, ಮದುವೆಯ ಪಂಕ್ತಿಯಲ್ಲಿ "ನಮ್ಮ ಮನೆಯದು ಐ9" ಎಂದು ಹೇಳಿಕೊಳ್ಳುವ ಆ ಒಂದು ಕ್ಷಣದ ಸುಖಕ್ಕಾಗಿ ಎಷ್ಟು ತಿಂಗಳ ಕಂತು?

ಈ ಪ್ರತಿಷ್ಠೆಯ ಬೆಲೆಯನ್ನು ತೆರುವವರು ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳು ಎಂಬ ಕಹಿಮಾತನ್ನೂ ಹೇಳಿಯೇ ಬಿಡುತ್ತೇವೆ. ಮಗನಿಗೆ ಐ9, ಮಗಳಿಗೆ ಅಣ್ಣ ಬಿಟ್ಟ ಹಳೆಯ ಲ್ಯಾಪ್‌ಟಾಪು. ಐ9ಕ್ಕೂ ಅದಕ್ಕೆ ಬೇಕಾದ ಬೋರ್ಡು, ಫ್ಯಾನುಗಳಿಗೂ ಸುರಿಯುವ ಹೆಚ್ಚಿನ ಹಣವನ್ನು ಉಳಿಸಿದರೆ ಮನೆಯ ಎರಡನೆಯ ಮಗುವಿನ ಸರಳವಾದ ಯಂತ್ರಕ್ಕೆ ಬಹುಪಾಲು ಕೂಡಿಬರುತ್ತದೆ. ಕಾಗದದ ಮೇಲೆ ಕೂಡಿಸಿ ನೋಡಿ. ಒಂದೇ ಮೇಜಿನ ಮೇಲೆ ಒಂದು ಬಿಳಿಯಾನೆಯನ್ನು ಕಟ್ಟುವುದು ಮೇಲೋ, ಎರಡು ಮಕ್ಕಳ ಮುಂದೆ ಎರಡು ಕೆಲಸದ ಯಂತ್ರಗಳಿರುವುದು ಮೇಲೋ?

ಕಡೆಯದಾಗಿ, ಆಯ್ಕೆಯನ್ನು ಮಕ್ಕಳ ಕೈಗೇ ಕೊಡಿ. ಆದರೆ ಲೆಕ್ಕ ಸಹಿತ ಕೊಡಿ. "ಇಷ್ಟು ಹಣವಿದೆ. ಯಾವ ಕೆಲಸ ಮಾಡುತ್ತೀ ಎಂದು ಮೊದಲು ಬರೆ. ಆಮೇಲೆ ಯಾವ ಪ್ರೊಸೆಸರ್, ಏಕೆ ಎಂದು ಬರೆ" ಎಂದು ಕೇಳಿ. ಒಂದು ಹಾಳೆ ತುಂಬಿಸಲು ಮಗು ಒಂದು ವಾರ ಓದಬೇಕಾದೀತು. ಆ ಒಂದು ವಾರದ ಓದು ಯಾವ ಐ9ಕ್ಕಿಂತಲೂ ಹೆಚ್ಚು ಬೆಲೆಬಾಳುತ್ತದೆ. ನಮ್ಮ ಸಂಘದಲ್ಲಿ ಇಂಥ ಕೆಲಸ ಬಲ್ಲ ತರುಣರಿಗೆ ಕೊರತೆಯಿಲ್ಲ. ಹರಟೆಗೆ, ನಾಟಕದ ತಾಲೀಮಿಗೆ ಒದಗುವ ಭಾನುವಾರಗಳಲ್ಲಿ ಒಂದನ್ನು ಮಕ್ಕಳಿಗೆ ಯಂತ್ರ ಜೋಡಿಸಿ ತೋರಿಸಲು ಮೀಸಲಿಡಬಾರದೇಕೆ? ಕಾರ್ಯಕಾರಿ ಸಮಿತಿಯವರು ಇದನ್ನು ಆಲೋಚಿಸಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ಜಿಪುಣತನವೆಂದು ತಿಳಿಯಬಾರದು. ಕಾಲಿನ ಅಳತೆ ಗೊತ್ತಿರುವವನಿಗೆ ಮಾತ್ರ ಹಾಸಿಗೆಯ ಅಳತೆ ಗೊತ್ತಾಗುತ್ತದೆ. ನಮ್ಮ ಮಾತನ್ನು ಒಪ್ಪದವರು ಪತ್ರಿಕೆಗೆ ಬರೆಯಲಿ. ಮುಂದಿನ ಸಂಚಿಕೆಗಳಲ್ಲಿ ಚರ್ಚೆ ನಡೆಯಲಿ. ಆದರೆ ಬರೆಯುವವರು ತಮ್ಮ ಮನೆಯ ಪ್ರೊಸೆಸರಿನ ಹೆಸರನ್ನಲ್ಲ, ಅದರಿಂದ ಮನೆಯಲ್ಲಿ ಆಗುತ್ತಿರುವ ಕೆಲಸವನ್ನು ತಿಳಿಸಬೇಕೆಂದು ಕೋರುತ್ತೇವೆ.